ಉಭಯ ಕುಟುಂಬಗಳ ಸಮ್ಮುಖದಲ್ಲಿ

ಹಯವದನನಿಗೆ ಸಾದಾ ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಬಾಯಲ್ಲಿ "ಬರ್ತೀನಿ ಕಣಯ್ಯ" ಎನ್ನುವ ಮನುಷ್ಯ ಕೈಗೆ ಫೋನು ಸಿಕ್ಕಿದ ಕೂಡಲೇ "ಆಗಮಿಸಲಿದ್ದೇನೆ" ಎಂದುಬಿಡುತ್ತಿದ್ದ. ಹಗಲೆಲ್ಲ ಒಂದು ಇನ್ಶೂರೆನ್ಸ್ ಕಂಪನಿಯ ಡೇಟಾಬೇಸು ನೋಡಿಕೊಳ್ಳುವವನಿಗೆ ಒಳಗೆ ಅದುಮಿಟ್ಟ ಸಾಹಿತ್ಯ ಹೊರಗೆ ಬರಲು ಇದ್ದ ದಾರಿ ಒಂದೇ. ಅದು ಪರದೇಶದಲ್ಲಿ ನೆಲೆಸಿದವರು ಕಟ್ಟಿಕೊಂಡ ಶಾಮ್‌ಬರ್ಗ್ ಕನ್ನಡ ಬಳಗದ ಕಾರ್ಯದರ್ಶಿ ಪದವಿ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಇನ್ನೂರ ಹನ್ನೆರಡು ಜನ. ಯುಗಾದಿ ಊಟದಿಂದ ಹಿಡಿದು ಪಾರ್ಕಿಂಗ್ ಎಲ್ಲಿ ಮಾಡಬೇಕು ಎನ್ನುವವರೆಗೆ ಹನ್ನೊಂದು ವರ್ಷದಿಂದ ಅಲ್ಲಿ ಪ್ರಕಟವಾಗುವುದೆಲ್ಲ ಇವನ ಗದ್ಯವೇ. ಕೊತ್ತಂಬರಿ ಸೊಪ್ಪು ಬೇಕೆಂದು ಬರೆಯುವಾಗಲೂ "ಮಾನ್ಯರೇ" ಅಂತ ಶುರು ಮಾಡ್ತಾರೆ ಎಂದು ಹೆಂಡತಿ ಪದ್ಮ ಹೇಳುತ್ತಿದ್ದಳು. ಅದರಲ್ಲಿ ಉತ್ಪ್ರೇಕ್ಷೆ ಕಡಿಮೆ.

ಈ ಗದ್ಯದ ಹೊಡೆತ ತಿಂದವರಲ್ಲಿ ಮೊದಲಿಗಳು ಮಗಳು ಇಂಚರ. ಅವಳು ಹದಿನಾರನೇ ವಯಸ್ಸಿಗೆ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದಾಗ "ನಮ್ಮ ಸುಪುತ್ರಿಯ ಪ್ರಥಮ ಪ್ರಯತ್ನವು ಫಲಕಾರಿಯಾಗಿರುವುದಿಲ್ಲ" ಎಂದು ಗುಂಪಿನಲ್ಲಿ ಪ್ರಕಟವಾಗಿ, ಮುಂದಿನ ಒಂದು ತಿಂಗಳು ಅವಳು ಕಂಡಕಂಡ ಆಂಟಿಯರಿಂದ ಸಾಂತ್ವನ ಪಡೆಯಬೇಕಾಯಿತು. ಹಾಗಾಗಿ ಆರ್ಕಿಟೆಕ್ಚರ್ ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಕೋಪನ್‌ಹೇಗನ್‌ಗೆ ಹೋಗುವ ಅವಕಾಶ ಬಂದಾಗ ತಂದೆ ಮಗಳ ನಡುವೆ ಎರಡು ದೇಶಗಳ ಒಪ್ಪಂದದಂಥ ಮಾತುಕತೆ ನಡೆಯಿತು. ಹಯವದನನ ಷರತ್ತು: ಹಾಸ್ಟೆಲ್ಲು, ಫ್ಲ್ಯಾಟು ಬೇಡ, ಯಾರಾದರೂ ಸಂಸಾರಸ್ಥರ ಮನೆಯಲ್ಲಿ ಇರಬೇಕು. ಇಂಚರಳ ಷರತ್ತು: ಗುಂಪಿನಲ್ಲಿ ತನ್ನ ಹೆಸರು, ತನ್ನ ಓದು, ತಾನಿರುವ ಊರು, ಯಾವುದರ ಬಗ್ಗೆಯೂ ಒಂದು ಸಾಲು ಬರಬಾರದು.

"ನಾಲ್ಕೇ ತಿಂಗಳು ಅಪ್ಪಾ. ನಾಲ್ಕು ತಿಂಗಳು ನಾನು ಯಾರಿಗೂ ಗೊತ್ತಿಲ್ಲದವಳಾಗಿರ್ತೀನಿ. ಭಾನುವಾರ ಬೆಳಗ್ಗೆ ಹತ್ತಕ್ಕೆ ಇಪ್ಪತ್ತು ನಿಮಿಷ ಕಾಲ್ ಮಾಡ್ತೀನಿ. ಗ್ರೂಪಲ್ಲಿ ಏನಾದ್ರೂ ಬಂತೋ, ಆ ಕಾಲೂ ಇಲ್ಲ."

ಇದನ್ನು ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಆ ಮನೆಯ ಇಪ್ಪತ್ತು ವರ್ಷದ ಪದ್ಧತಿ. ಹಯವದನ ಗಣಪತಿ ಫೋಟೋ ಮುಟ್ಟಿ ಮಾತು ಕೊಟ್ಟ.

ಅವಳು ಹೋದ ಮೇಲೆ ಹಯವದನನ ವಾರಕ್ಕೆ ಇಪ್ಪತ್ತೇ ನಿಮಿಷ ಉಳಿಯಿತು. ಶನಿವಾರ ರಾತ್ರಿಯೇ ಐಪ್ಯಾಡು ಚಾರ್ಜಿಗೆ ಹಾಕುತ್ತಿದ್ದ. ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಫೋನು ಬಂದಾಗ ಚೀಟಿ ಮರೆತು "ಊಟ ಆಯ್ತಾ?" ಎಂದು ಕೇಳುತ್ತಿದ್ದ. ಅವಳು "ಫೈನ್" ಎನ್ನುತ್ತಿದ್ದಳು. ಮನೆ ಹೇಗಿದೆ? ಫೈನ್. ಕ್ಲಾಸು? ಫೈನ್. ಮನೆಯೊಡತಿ ಕಿರ್ಸ್ಟನ್ ಒಳ್ಳೆಯವಳು, ಲೈಬ್ರರಿಯಲ್ಲಿ ಕೆಲಸ, ಸಂಜೆ ಆರಕ್ಕೆ ಸರಿಯಾಗಿ ಊಟ. ಅವಳಿಗೊಬ್ಬ ಮಗ, ಮ್ಯಾಡ್ಸ್ ಅಂತ, ಇಪ್ಪತ್ತನಾಲ್ಕು ವರ್ಷ, ಆರಡಿ ನಾಲ್ಕಂಗುಲ, ಬಡಗಿ ಕೆಲಸ ಕಲಿಯುತ್ತಿದ್ದಾನೆ. ಇಷ್ಟು ತಿಳಿಯಲು ಎರಡು ಭಾನುವಾರ ಹಿಡಿಯಿತು.

ಒಂದು ಕಥೆ ಮಾತ್ರ ಅವಳು ತಾನಾಗಿ ಹೇಳಿದಳು. ಹೋದ ಎರಡನೇ ದಿನ ಒಂದು ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಒಂದು ಕೂಸು ಒಂಟಿಯಾಗಿ ಮಲಗಿತ್ತಂತೆ. ಯಾರೋ ಬಿಟ್ಟುಹೋಗಿದ್ದಾರೆಂದು ಇವಳು ಗಾಬರಿಯಾಗಿ ನಲವತ್ತು ನಿಮಿಷ ಚಳಿಯಲ್ಲಿ ಕಾವಲು ನಿಂತಳು. ಕಡೆಗೆ ತಾಯಿ ಕಾಫಿ ಮುಗಿಸಿ ಹೊರಗೆ ಬಂದು, ನನ್ನ ಮಗುವಿನ ಹತ್ತಿರ ನಿನಗೇನು ಕೆಲಸ ಎಂದು ಕೇಳಿದಳು. ಆ ಊರಲ್ಲಿ ಮಕ್ಕಳನ್ನು ಹೊರಗೇ ಮಲಗಿಸುತ್ತಾರಂತೆ. ಪದ್ಮ ಬಿದ್ದು ಬಿದ್ದು ನಕ್ಕಳು. ಹಯವದನನಿಗೆ ಮಾತ್ರ ನಗು ಬರಲಿಲ್ಲ. ನಲವತ್ತು ನಿಮಿಷ ನಿಂತಳಲ್ಲ, ಒಬ್ಬರೂ ಅವಳನ್ನು ಏನಮ್ಮ ಅಂತ ಕೇಳಲಿಲ್ಲವೇ ಎಂದು ಅವನಿಗೆ ಅನ್ನಿಸಿತು. ಕೇಳುವಷ್ಟರಲ್ಲಿ ಇಪ್ಪತ್ತು ನಿಮಿಷ ಮುಗಿದಿತ್ತು.

ಮೂರನೆಯ ಭಾನುವಾರ ಗಣೇಶ ಚೌತಿಯ ಮರುದಿನ. ಅದೇ ದಿನ ಇಂಚರಳಿಗೆ ಇಪ್ಪತ್ತೊಂದು ತುಂಬಿತು. ಮಧ್ಯಾಹ್ನ ಲೆಮಾಂಟ್ ದೇವಸ್ಥಾನಕ್ಕೆ ಹೋಗುವುದಿತ್ತು, ಆದ್ದರಿಂದ ಪದ್ಮ ರೇಷ್ಮೆ ಸೀರೆ ಉಟ್ಟು, ಹಿಂದೆ ಗಣಪತಿ, ಪ್ಲಾಸ್ಟಿಕ್ ಮಾವಿನ ತೋರಣ ಎಲ್ಲ ಕಾಣುವಂತೆ ಐಪ್ಯಾಡಿನ ಮುಂದೆ ಕೂತಳು. ಆ ಕಡೆ ತೆರೆ ಬೆಳಗಿದಾಗ ಗಂಡ ಹೆಂಡತಿ ಇಬ್ಬರೂ ಬಾಯಿ ತೆರೆದರು. ಮನೆ ತುಂಬ ಕೆಂಪು ಬಿಳಿ ಪುಟ್ಟ ಬಾವುಟಗಳ ಸಾಲು, ಉರಿಯುವ ಮೇಣದಬತ್ತಿ, ಮೇಜಿನ ಮೇಲೆ ಕೇಕು. ಯಾರದೇ ಹುಟ್ಟುಹಬ್ಬವಾದರೂ ದೇಶದ ಬಾವುಟ ಕಟ್ಟುವುದು ಅಲ್ಲಿನವರ ಸಂಪ್ರದಾಯವಂತೆ. ಅಮ್ಮನ ಹಟಕ್ಕೆ ಇಂಚರ ಸೀರೆ ಉಟ್ಟಿದ್ದಳು. ಕಿರ್ಸ್ಟನ್, ಪದ್ಮ ಕಳಿಸಿದ್ದ ಮೈಸೂರು ರೇಷ್ಮೆ ಶಾಲು ಹೊದ್ದಿದ್ದಳು. ಮ್ಯಾಡ್ಸ್ ತನಗೆ ಕಳಿಸಿದ್ದ ಜರಿಯಂಚಿನ ಜುಬ್ಬವನ್ನು ಮರ್ಯಾದೆಗೆ ತೊಟ್ಟು ನಿಂತಿದ್ದ. ಹಯವದನನ ಅಳತೆಗೆ ತಂದಿದ್ದ ಆ ಜುಬ್ಬ ಅವನಿಗೆ ಸೊಂಟದಲ್ಲೇ ಮುಗಿದಿತ್ತು.

ಮಗಳನ್ನು ನೋಡಿಕೊಳ್ಳುತ್ತಿರುವ ಹೆಣ್ಣುಮಗಳಿಗೆ ಹಬ್ಬದ ಹೊತ್ತಿನಲ್ಲಿ ಬರಿಗೈಯಲ್ಲಿ ಹೇಗೆ ಬೈ ಹೇಳುವುದು? ಪದ್ಮ ತೆಂಗಿನಕಾಯಿ, ಎಲೆ ಅಡಿಕೆ, ಹೂವು, ಬಳೆ ಇಟ್ಟ ಬೆಳ್ಳಿ ತಟ್ಟೆ ಎತ್ತಿ ತೆರೆಯ ಹತ್ತಿರ ಹಿಡಿದಳು. ಕಿರ್ಸ್ಟನ್ ಏನು ಮಾಡಬೇಕೋ ತಿಳಿಯದೆ ಇಂಚರಳ ಕಡೆ ನೋಡಿದಳು. ಇಂಚರ ಏನೋ ಪಿಸುಗುಟ್ಟಿದಳು. ಕಿರ್ಸ್ಟನ್ ಗಂಭೀರವಾಗಿ ಕೇಕಿನ ತಟ್ಟೆ ಎತ್ತಿ ಇತ್ತ ಹಿಡಿದಳು. ಸರಿಯಾಗಿ ಆ ಕ್ಷಣದಲ್ಲಿ ಹಯವದನ ಸ್ಕ್ರೀನ್‌ಶಾಟ್ ತೆಗೆದ.

ಫೋಟೋ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅದನ್ನು ಒಬ್ಬನೇ ನೋಡುವುದು ಅವನಿಗೆ ಅನ್ಯಾಯವಾಗಿ ಕಂಡಿತು. ಮಾತು ಕೊಟ್ಟಿದ್ದು ನಿಜ. ಆದರೆ ಮಾತು ಕೊಟ್ಟಿದ್ದು ಯಾವುದರ ಬಗ್ಗೆ? ಅವಳ ಹೆಸರು, ಅವಳ ಓದು, ಅವಳ ಊರು. ಈ ಮೂರೂ ಇಲ್ಲದಂತೆ ಬರೆದರೆ ಒಪ್ಪಂದ ಮುರಿದಂತೆ ಹೇಗಾಗುತ್ತದೆ? ಹುಟ್ಟುಹಬ್ಬ ಎಂದರೆ ಯಾರದೆಂದು ತಿಳಿದುಬಿಡುತ್ತದೆ, ಆದ್ದರಿಂದ ಅದೂ ಬೇಡ. ಪದ್ಮ ಶೂ ಹುಡುಕುತ್ತಿದ್ದ ಐದು ನಿಮಿಷದಲ್ಲಿ ಫೋಟೋದ ಕೆಳಗೆ ಈ ಕೃತಿ ರಚನೆಯಾಗಿ ಇನ್ನೂರ ಹನ್ನೆರಡು ಫೋನುಗಳಿಗೆ ಹೋಯಿತು:

"ಮಾನ್ಯರೇ, ಸಾಗರದಾಚೆಯ ಸ್ವಗೃಹವೊಂದರಲ್ಲಿ ಇಂದು ಉಭಯ ಕುಟುಂಬಗಳ ಸಮ್ಮುಖದಲ್ಲಿ ಶುಭ ಸಮಾರಂಭವು ಸುಸೂತ್ರವಾಗಿ ನೆರವೇರಿತೆಂದು ತಿಳಿಸಲು ಹರ್ಷಿಸುತ್ತೇವೆ. ತಮ್ಮೆಲ್ಲರ ಆಶೀರ್ವಾದವಿರಲಿ."

ಲೆಮಾಂಟ್‌ನಲ್ಲಿ ಕಾರು ನಿಲ್ಲಿಸಿ ಮೆಟ್ಟಿಲು ಹತ್ತುವಷ್ಟರಲ್ಲಿ ಆರು ಜನ ಅವನ ಕೈ ಕುಲುಕಿದರು. ಹುಟ್ಟುಹಬ್ಬವೆಂದು ಎಲ್ಲರಿಗೂ ಹೇಗೋ ಗೊತ್ತಾಗಿದೆ ಎಂದುಕೊಂಡು ಹಯವದನ ಖುಷಿಯಿಂದ ಕುಲುಕಿಸಿಕೊಂಡ. ಪ್ರಸಾದದ ಸಾಲಿನಲ್ಲಿ ಬಳಗದ ಅಧ್ಯಕ್ಷೆ ರುದ್ರಮ್ಮ ಸಿಕ್ಕರು. ಒಂದು ಕಿವಿಗೆ ಬಿದ್ದದ್ದನ್ನು ಸಂಜೆಯೊಳಗೆ ನಲವತ್ತು ಕಿವಿಗೆ ಮುಟ್ಟಿಸುವುದು ಅವರಿಗೆ ಸೇವೆ.

"ಹುಡುಗ ಏನ್ ಮಾಡ್ಕೊಂಡಿದಾನೆ ಹಯವದನ?" ಎಂದು ರುದ್ರಮ್ಮ ದನಿ ತಗ್ಗಿಸಿ ಕೇಳಿದರು.

"ಯಾರು, ಮ್ಯಾಡ್ಸಾ? ಬಡಗಿ ಕೆಲಸ ಕಲೀತಿದಾನೆ ಆಂಟಿ."

ರುದ್ರಮ್ಮನವರ ದೊನ್ನೆಯಿಂದ ಪುಳಿಯೋಗರೆ ಸ್ವಲ್ಪ ಕೆಳಗೆ ಬಿತ್ತು. ಆದರೂ ಅವರು ಸಾವರಿಸಿಕೊಂಡರು. "ಕೆಲಸ ಯಾವುದಾದ್ರೇನಪ್ಪ. ಮನೆ ಕಡೆ ಹೇಗೆ?"

"ತುಂಬಾ ಒಳ್ಳೇವ್ರು. ಆರು ಗಂಟೆಗೆ ಸರಿಯಾಗಿ ಊಟ ಹಾಕ್ತಾರೆ."

"ಇಂಚರ ಒಪ್ಪಿದಾಳಾ?"

"ಅವಳು ಫೈನ್ ಅಂತಾಳೆ ಆಂಟಿ. ಅವಳೇ ಲಿಸ್ಟಲ್ಲಿ ನೋಡಿ ಸೆಲೆಕ್ಟ್ ಮಾಡಿದ್ದು. ಹೇಗಿದ್ರೂ ಡಿಸೆಂಬರ್ ತನಕ ತಾನೇ."

ರುದ್ರಮ್ಮ ಡಿಸೆಂಬರ್ ಎಂಬ ಮಾತನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು, ಮುಹೂರ್ತ ಇಷ್ಟು ಬೇಗ ಯಾಕೆ ಇಟ್ಟರು ಎಂದು ಯೋಚಿಸುತ್ತ, ಸಾಲು ಬಿಟ್ಟು ಹೋದರು. ಇವರಿಗೇನಾಯ್ತು ಎಂದು ಹಯವದನ ಅವರ ಪಾಲಿನ ಪ್ರಸಾದವನ್ನೂ ತಿಂದ.

ವಾಪಸು ಬರುವಾಗ ಹೈವೇಯಲ್ಲಿ ಕಾರಿನ ಸ್ಪೀಕರಿನಲ್ಲಿ ಫೋನು ಬಂತು. ಲಿವೋನಿಯಾದಿಂದ ಹಳೆಯ ಗೆಳೆಯ ರೇವಣಪ್ಪ, ಬಳಗದ ಗುಂಪಿನಲ್ಲಿ ಅವನೂ ಇದ್ದ. ಇಪ್ಪತ್ತೆಂಟು ವರ್ಷದ ಹಿಂದೆ ಇಬ್ಬರೂ ಡೆಟ್ರಾಯಿಟ್‌ನಲ್ಲಿ ಓದಲು ಬಂದಿಳಿದು ಒಂದೇ ಹಾಸಿಗೆ, ಒಂದೇ ಚಳಿಕೋಟು ಹಂಚಿಕೊಂಡವರು. ರೇವಣಪ್ಪ ಈಗ ಗೇರ್‌ಬಾಕ್ಸ್ ಎಂಜಿನಿಯರು. ಮುರಿದದ್ದನ್ನೆಲ್ಲ ಕೂಡಿಸುವ ಹುಮ್ಮಸ್ಸು ಅವನಿಗೆ ಕಾರ್ಖಾನೆಯ ಹೊರಗೂ ಇತ್ತು.

"ಏನೋ ಹಯವದನ, ಮಗಳ ನಿಶ್ಚಯ ಮುಗಿಸಿ, ಮ್ಯಾಲ ಫೋಟೋ ಹಾಕಿ ತಿಳಸ್ತಿ? ನಾನೇನು ಸತ್ತಿದ್ದೆನೇನು? ನಾಕ ತಾಸು ಮೊದಲ ಹೇಳಿದ್ರ ನಮ್ಮ ಗಂಗಮ್ಮ ಸೀರಿ ಉಟಗೊಂಡು ಐಪ್ಯಾಡ್ ಮುಂದ ಕುಂಡ್ರತಿದ್ಲು!"

"ನಿಶ್ಚಯ? ಯಾರದು?"

"ಯಾರದು ಅಂತ ನನ್ನ ಕೇಳ್ತಿಯೇನೋ! ತಟ್ಟಿ ಬದಲಾಯಿಸ್ಯಾರ, ಹುಡುಗ ಜರದ ಜುಬ್ಬ ಹಾಕ್ಯಾನ, ತೋರಣ ಕಟ್ಯಾರ. ಹುಡುಗ ಎತ್ತರ ಅದಾನ ಬಿಡು. ಆದ್ರ ಬಡಿಗ್ಯಾ ಅಂತಲ್ಲೋ?"

ಇಳಿಯಬೇಕಾದ ಎಗ್ಸಿಟ್ ಹಿಂದೆ ಹೋಯಿತು. ಪದ್ಮ ಗಂಡನ ಫೋನು ಕಿತ್ತುಕೊಂಡು ಅವನ ಕೃತಿಯನ್ನು ಗಟ್ಟಿಯಾಗಿ ಓದಿದಳು. "ಉಭಯ ಕುಟುಂಬಗಳ" ಎನ್ನುವಲ್ಲಿಗೆ ಬಂದು ಹಣೆ ಚಚ್ಚಿಕೊಂಡಳು.

"ಅವಳ ಹೆಸರು ಎಲ್ಲೂ ಬರೆದಿಲ್ಲ ನೋಡು," ಎಂದ ಹಯವದನ.

"ಬರೆದಿದ್ರೇ ವಾಸಿ ಇತ್ತು! ಇವಳು ನೋಡಿದ್ರೆ ಏನ್ ಗತಿ? ಅವರ ಮನೇಲಿ ಹೇಗೆ ಮುಖ ಎತ್ತಿಕೊಂಡು ಇರ್ತಾಳೆ? ಭಾನುವಾರದ ಫೋನು ಮರೆತುಬಿಡಿ."

ಆ ಕೊನೆಯ ಮಾತು ಹಯವದನನ ಎದೆಗೆ ನಾಟಿತು. ಮನೆ ಮುಟ್ಟಿದವನೇ ಪೋಸ್ಟು ಅಳಿಸಲು ಹೋದ. ಅಷ್ಟರಲ್ಲಿ ಅದಕ್ಕೆ ಎಂಬತ್ತೊಂಬತ್ತು ಕೈಮುಗಿದ ಗುರುತು ಬಿದ್ದಿದ್ದವು. ಅಳಿಸಿದರೆ ಇನ್ನೂ ಅನುಮಾನ, ಸ್ಪಷ್ಟೀಕರಣ ಕೊಡುವುದೇ ಸರಿ ಎಂದುಕೊಂಡ. "ಬರ್ತ್‌ಡೇ ಅಂತ ಬರೀರಿ, ಸಾಕು" ಎಂದಳು ಪದ್ಮ. ಆದರೆ ಮಗಳ ಬಗ್ಗೆ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದನಲ್ಲ! ಮಾತಿಗೆ ತಪ್ಪದ ಆ ಮನುಷ್ಯ ಅರ್ಧ ಗಂಟೆ ತಿದ್ದಿ ತೀಡಿ ಬರೆದ:

"ಮಾನ್ಯರೇ, ಈ ಹಿಂದೆ ಪ್ರಕಟಿಸಿದ ಚಿತ್ರದಲ್ಲಿನ ಉಭಯ ಕುಟುಂಬಗಳ ನಡುವೆ ಅಂತಹ ಯಾವುದೇ ಸಂಬಂಧವು ಇರುವುದಿಲ್ಲವೆಂದು ವಿಷಾದದೊಂದಿಗೆ ತಿಳಿಸುತ್ತೇವೆ. ಈ ಕುರಿತು ಯಾರೂ ಕರೆ ಮಾಡಬಾರದಾಗಿ ಕೋರಿಕೆ."

ಬೆಳಗ್ಗೆ ನೆರವೇರಿದ ನಿಶ್ಚಿತಾರ್ಥ ಸಂಜೆಗೆ ಮುರಿದುಬಿತ್ತು ಎಂದು ಇಡೀ ಬಳಗಕ್ಕೆ ಖಚಿತವಾಯಿತು. ಕರೆ ಮಾಡಬಾರದು ಎಂದಿದ್ದರಿಂದ ಯಾರೂ ಕರೆ ಮಾಡಲಿಲ್ಲ. ಎಲ್ಲರೂ ಖುದ್ದಾಗಿ ಬಂದರು. ಸೋಮವಾರ ಬಿಸಿಬೇಳೆಬಾತ್ ಬಂತು, ಮಂಗಳವಾರ ಎರಡು ಮನೆಯಿಂದ ಚಪಾತಿ ಪಲ್ಯ ಬಂತು. ಇಂಥ ಹೊತ್ತಿನಲ್ಲಿ ಒಲೆ ಹಚ್ಚಲು ಮನಸ್ಸು ಬರುವುದಿಲ್ಲ ಎಂದು ತಂದವರೇ ಬಡಿಸಿ, ಸೋಫಾದಲ್ಲಿ ಕೂತು ನಿಟ್ಟುಸಿರು ಬಿಟ್ಟರು. ಪದ್ಮ ಒಬ್ಬೊಬ್ಬರಿಗೂ "ಅಯ್ಯೋ, ಅದು ಬರೀ ಬರ್ತ್‌ಡೇ ಕಣ್ರೀ" ಎಂದಳು. ಅವರು ಅವಳ ಕೈ ಹಿಡಿದು, "ಹೌದಮ್ಮ, ಹಾಗೇ ಹೇಳ್ಕೊಂಡು ಧೈರ್ಯವಾಗಿರು" ಎಂದರು. ರುದ್ರಮ್ಮ ಲೆಮಾಂಟ್‌ನಲ್ಲಿ ಇಂಚರಳ ಹೆಸರಿಗೆ ಅರ್ಚನೆ ಮಾಡಿಸಿ ಕುಂಕುಮ ತಂದುಕೊಟ್ಟರು. ಹಯವದನ ಎಲ್ಲರನ್ನೂ ಬಾಗಿಲವರೆಗೆ ಬಿಟ್ಟು ಬಂದು, ಮಗಳ ರೂಮಿನಲ್ಲಿ ಕೂತು ಭಾನುವಾರಕ್ಕೆ ಎಷ್ಟು ದಿನ ಎಂದು ಎಣಿಸುತ್ತಿದ್ದ. ಫೋನು ಬರುತ್ತದೋ ಇಲ್ಲವೋ, ಬಂದರೆ ಏನು ಹೇಳುವುದೋ ಒಂದೂ ಅವನಿಗೆ ತಿಳಿಯಲಿಲ್ಲ.

ಶನಿವಾರ ಸಂಜೆ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ರೇವಣಪ್ಪ, ಅವನ ಹೆಂಡತಿ ಗಂಗಮ್ಮ ಬಂದಿಳಿದರು. ಗಂಗಮ್ಮನ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ರೇವಣಪ್ಪನ ಕೈಯಲ್ಲಿ ಸೂಟು.

"ನೀ ಸುಮ್ಮನ ಕೂಡು," ಎಂದ ರೇವಣಪ್ಪ. "ಹಡದ ಅಪ್ಪಗ ಮಾತಾಡೂದು ಕಷ್ಟ ಆಗತೈತಿ. ನಾಳೆ ಗಂಡಿನವರ ಕೂಡ ನಾ ಮಾತಾಡ್ತೀನಿ."

"ಗಂಡಿನವರು ಅಂತ ಯಾರೂ ಇಲ್ಲ ಮಾರಾಯ! ಅದು ಹುಟ್ಟಿದ ಹಬ್ಬ!"

ರೇವಣಪ್ಪ ಹೆಂಡತಿಯ ಮುಖ ನೋಡಿ, "ಪಾಪ, ಭಾಳ ಮನಸ್ಸಿಗೆ ಹಚ್ಚಿಕೊಂಡಾನ" ಎಂದ.

ಐಪ್ಯಾಡು ಹಿಡಿದು ಗರಾಜಿಗೆ ಹೋಗಿ ಕಾರಿನೊಳಗೆ ಕೂತು ಒಬ್ಬನೇ ಮಾತಾಡುವುದೆಂದು ಹಯವದನ ನಿರ್ಧರಿಸಿದ. ಭಾನುವಾರ ಒಂಬತ್ತೂ ಮುಕ್ಕಾಲಿಗೆ ನೋಡುತ್ತಾನೆ, ಎಲ್ಲರಿಗೂ ಕಾಣಲೆಂದು ರೇವಣಪ್ಪ ಅದನ್ನು ಹಾಲ್‌ನ ದೊಡ್ಡ ಟಿವಿಗೆ ಜೋಡಿಸಿಬಿಟ್ಟಿದ್ದಾನೆ. ಮುಂದಿನ ಸೋಫಾದಲ್ಲಿ ಸೂಟಿನ ರೇವಣಪ್ಪ, ಇಳಕಲ್ ಸೀರೆಯ ಗಂಗಮ್ಮ, ಕುಂಕುಮದ ಬಟ್ಟಲು ಹಿಡಿದ ರುದ್ರಮ್ಮ. ಹಯವದನ ವೈರು ಹುಡುಕುತ್ತಿದ್ದಾಗಲೇ ಗಂಟೆ ಹತ್ತಾಯಿತು. ಟಿವಿ ರಿಂಗಾಯಿತು. ಗಂಗಮ್ಮ ಹಸಿರು ಗುಂಡಿ ಒತ್ತಿದಳು.

ಅರವತ್ತೈದು ಇಂಚಿನ ಟಿವಿ ತುಂಬ ಇಂಚರ, ಕಿರ್ಸ್ಟನ್, ಹಿಂದೆ ಸೇಬು ತಿನ್ನುತ್ತಿದ್ದ ಮ್ಯಾಡ್ಸ್. ರೇವಣಪ್ಪ ಎದ್ದು ನಿಂತು ಕೋಟಿನ ಗುಂಡಿ ಹಾಕಿದ.

"ಮೇಡಂ, ಮಿಸ್ಟರ್ ಮ್ಯಾಡ್ಸ್," ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ. "ನಾವು ಹಿರಿಯರು ಕೈ ಮುಗಿದು ಕೇಳಿಕೊಳ್ಳುತ್ತೇವೆ. ನಮ್ಮ ಹುಡುಗಿ ಬಂಗಾರ. ಏನು ತಪ್ಪಾಗಿದ್ದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಬಡಗಿ ಕೆಲಸದ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ನಾನೇ ಗೇರ್‌ಬಾಕ್ಸ್ ಬಿಚ್ಚುವವನು."

ಮ್ಯಾಡ್ಸ್ ಸೇಬು ಕಚ್ಚುವುದನ್ನು ನಿಲ್ಲಿಸಿದ. ಇಂಚರ ಅಪ್ಪನನ್ನು ನೋಡಿದಳು. ಅವನು ಟಿವಿಯ ಪಕ್ಕದಲ್ಲಿ ವೈರು ಹಿಡಿದು ನಿಂತಿದ್ದ.

"ಅಪ್ಪಾ. ವಾಟ್ ಡಿಡ್ ಯು ಡೂ?"

ಹಯವದನನಿಗೆ ಬೇಕಾದ ದೊಡ್ಡ ದೊಡ್ಡ ಪದಗಳೆಲ್ಲ ಆ ಹೊತ್ತಿಗೆ ಕೈಕೊಟ್ಟವು. "ತಪ್ಪು ಮಾಡ್ಬಿಟ್ಟೆ ಕಣೇ," ಎಂದ. "ನಿನ್ ಬರ್ತ್‌ಡೇ ಫೋಟೋ ಗ್ರೂಪಿಗೆ ಹಾಕ್ದೆ. ನಿನ್ ಹೆಸರು ಬರೀಬಾರ್ದು ಅಂತ ಏನೇನೋ ಬರೆದೆ. ಎಲ್ಲಾರೂ ಎಂಗೇಜ್‌ಮೆಂಟ್ ಅಂದ್ಕೊಂಡ್ರು. ಆಮೇಲೆ ಮುರೀತು ಅಂದ್ಕೊಂಡ್ರು. ನೀನಿಲ್ದೆ ಮನೆ ಬಿಕೋ ಅಂತಿತ್ತು. ಫೋಟೋ ಚೆನ್ನಾಗಿತ್ತು. ಅದಕ್ಕೆ ಹಾಕ್ಬಿಟ್ಟೆ."

ರೇವಣಪ್ಪ ಮೆಲ್ಲಗೆ ಕೂತು, "ಮತ್ತ ಬರ್ತ್‌ಡೇ ಅಂತ ಮೊದಲ ಹೇಳಬಾರದೇನೋ?" ಎಂದ. ಪದ್ಮ ಅವನನ್ನು ದುರುಗುಟ್ಟಿ ನೋಡಿದಳು.

ಏನಾಯಿತೆಂದು ಕಿರ್ಸ್ಟನ್ ಕೇಳಿದಳು. ಇಂಚರ ಕೆಂಪಾದ ಮುಖದಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದಳು. ಕಿರ್ಸ್ಟನ್ ಕನ್ನಡಕ ತೆಗೆದು ಒರೆಸಿದಳು. ಮನೆ ಖಾಲಿ ಮಾಡು ಎನ್ನುತ್ತಾಳೆ ಎಂದು ಹಯವದನ ಟಿವಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡ. ಕಿರ್ಸ್ಟನ್ ಹೇಳಿದ್ದು ಬೇರೆ. ಅವಳೂ ಆ ದಿನದ್ದೇ ಒಂದು ಫೋಟೋ ತೆಗೆದು ತನ್ನ ಬಂಧುಬಳಗಕ್ಕೆಲ್ಲ ಕಳಿಸಿದ್ದಳಂತೆ. ಹಳ್ಳಿಯಲ್ಲಿರುವ ಅವಳ ಎಂಬತ್ತೆಂಟು ವರ್ಷದ ತಾಯಿ ರೇಷ್ಮೆ, ತಟ್ಟೆ ಎಲ್ಲ ನೋಡಿ, ಸೊಸೆಯಾಗುವವಳಿಗೆಂದು ಸ್ವೆಟರು ಹೆಣೆಯಲು ಶುರು ಮಾಡಿದ್ದಾಳೆ, ಭುಜದ ಅಳತೆ ಕೇಳಿ ನಾಲ್ಕು ಸಲ ಫೋನು ಮಾಡಿದ್ದಾಳೆ. ಮ್ಯಾಡ್ಸ್‌ನ ಗೆಳತಿ ಗುರುವಾರದಿಂದ ಅವನ ಜೊತೆ ಮಾತು ಬಿಟ್ಟಿದ್ದಾಳೆ. ಇದನ್ನು ಇಂಚರಳಿಗೆ ಹೇಗೆ ಹೇಳುವುದೆಂದು ತಾಯಿ ಮಗ ಇಬ್ಬರೂ ಮೂರು ದಿನದಿಂದ ಒದ್ದಾಡುತ್ತಿದ್ದರು.

ಮೊದಲು ನಕ್ಕವಳು ಗಂಗಮ್ಮ. ಆಮೇಲೆ ಎರಡು ಖಂಡದಲ್ಲೂ ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಗಂಗಮ್ಮ ಟಿವಿಯ ಹತ್ತಿರ ಹೋಗಿ ಇಂಚರಳನ್ನು ದಿಟ್ಟಿಸಿದಳು.

"ಅದೆಲ್ಲ ಇರ್ಲಿ ಬಿಡವ್ವ. ನಿನ್ನ ಮಾರಿ ಯಾಕ ಇಷ್ಟ ಇಳದೈತಿ? ಒಬ್ಬಾಕೀನ ಉಣ್ಣತೀಯೇನು ದಿನಾ ಮಧ್ಯಾಹ್ನ?"

ಇಂಚರ ಫೈನ್ ಎನ್ನಲು ಬಾಯಿ ತೆರೆದಳು. ಆ ಪದ ಬರಲಿಲ್ಲ, ಅಳು ಬಂತು. ಕ್ಲಾಸಿನಲ್ಲಿ ಎಲ್ಲರಿಗೂ ಮೊದಲೇ ಗೆಳೆಯರಿದ್ದಾರೆ. ಬಸ್ಸಿನಲ್ಲಿ ಹಾಯ್ ಎಂದರೆ ಜನ ಬೆಚ್ಚಿಬೀಳುತ್ತಾರೆ. ಸೈಕಲ್ ದಾರಿಯಲ್ಲಿ ನಿಲ್ಲುವ ಮುಂಚೆ ಕೈ ಎತ್ತಿ ಸೂಚಿಸಬೇಕಂತೆ, ಹಾಗೆ ಮಾಡದೆ ನಿಲ್ಲಿಸಿದ್ದಕ್ಕೆ ಒಬ್ಬ ಅಜ್ಜಿ ಬೈದಳು, ಆ ದಿನವಿಡೀ ತನ್ನ ಜೊತೆ ಮಾತಾಡಿದವಳು ಅವಳೊಬ್ಬಳೇ. ಯಾರಿಗೂ ಗೊತ್ತಿಲ್ಲದವಳಾಗಿ ಇರಬೇಕೆಂದು ಹಟ ಹಿಡಿದವಳು ತಾನೇ ಆದ್ದರಿಂದ ಹೇಳಲು ನಾಚಿಕೆಯಾಯಿತು. ಇದೆಲ್ಲ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮೂಗಿನಲ್ಲಿ ಬಂತು. ಕಿರ್ಸ್ಟನ್‌ಗೆ ಎಷ್ಟು ಅರ್ಥವಾಯಿತೋ, ಇಂಚರಳ ಹೆಗಲ ಮೇಲೆ ಕೈ ಹಾಕಿದಳು. ಗಂಗಮ್ಮ ಕಣ್ಣೊರೆಸಿಕೊಂಡು ಹೋಳಿಗೆ ಡಬ್ಬಿಯನ್ನು ಟಿವಿಗೆ ತೋರಿಸಿ ನಾಳೆಯೇ ಪಾರ್ಸೆಲ್ ಮಾಡುವುದಾಗಿ ಹೇಳಿದಳು. ರುದ್ರಮ್ಮ, ಡ್ರೈವಿಂಗ್ ಟೆಸ್ಟಿನಲ್ಲಿ ತಾವು ಐದು ಸಲ ಫೇಲಾದದ್ದನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು.

ಗೋಡೆ ಗಡಿಯಾರದಲ್ಲಿ ಹತ್ತೂ ಇಪ್ಪತ್ತಾಯಿತು. ಒಂದು ಒಪ್ಪಂದವನ್ನಂತೂ ಮುರಿದದ್ದಾಗಿತ್ತು. ಇನ್ನೊಂದನ್ನಾದರೂ ಉಳಿಸಿಕೊಳ್ಳೋಣವೆಂದು ಹಯವದನ ಕಾಲ್ ನಿಲ್ಲಿಸಲು ಐಪ್ಯಾಡಿನ ಕಡೆ ಕೈ ಚಾಚಿದ.

"ಅಪ್ಪಾ, ಕಟ್ ಮಾಡ್ಬೇಡ," ಎಂದಳು ಇಂಚರ. "ಇನ್ನೂ ಸ್ವಲ್ಪ ಹೊತ್ತು ಇರು. ಎಲ್ಲಾರೂ ಇರಿ."

ಕನ್ನಡದಲ್ಲಿ ಹೇಳಿದ್ದಳು. ಹಯವದನ ಚಾಚಿದ ಕೈಯನ್ನು ಎಲ್ಲಿ ಇಡಬೇಕೋ ತಿಳಿಯದೆ ರೇವಣಪ್ಪನ ಹೆಗಲ ಮೇಲೆ ಇಟ್ಟ.

ಆ ದಿನದ ಕಾಲ್ ಒಂದೂ ಕಾಲು ಗಂಟೆ ನಡೆಯಿತು. ಮುಗಿಯುವ ಮುಂಚೆ ಇಂಚರ, ಮೂಗು ಒರೆಸಿಕೊಂಡು, ಗುಂಪಿನಲ್ಲಿ ಒಂದು ಸಾಲು ಹಾಕಲು ಅನುಮತಿ ಕೊಟ್ಟಳು. ಒಂದೇ ಸಾಲು, ಎಲ್ಲರಿಗೂ ಅರ್ಥವಾಗುವಂಥದ್ದು. ಹಯವದನ "ಮಾನ್ಯರೇ" ಎಂದು ಬರೆದು ಅಳಿಸಿದ. "ಉಭಯ" ಎಂದು ಬರೆದ, ಪದ್ಮ ಕೆಮ್ಮಿದಳು, ಅದನ್ನೂ ಅಳಿಸಿದ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಬಾಯಲ್ಲಿ ಆಡುವ ಹಾಗೆ ಬರೆದು ಕಳಿಸಿದ:

"ಮಗಳು ಚೆನ್ನಾಗಿದ್ದಾಳೆ."

ಕಾರ್ಯದರ್ಶಿಯಿಂದ ಇಂಥ ಗದ್ಯ ಬಂದದ್ದನ್ನು ಯಾರೂ ನೋಡಿರಲಿಲ್ಲ. ಒಂದು ನಿಮಿಷದ ಮೇಲೆ ನೇಪರ್‌ವಿಲ್‌ನ ಚಂದ್ರಶೇಖರನ ಉತ್ತರ ಬಂತು:

"ಅಯ್ಯೋ ದೇವ್ರೇ! ಯಾಕ್ರೀ, ಏನಾಗಿತ್ತು?"